ಸಾಹೇಬರ ಸೀಟಿನ ನಾಲ್ಕನೆಯ ಬೋಲ್ಟು

ಮೂರು ಬೋಲ್ಟು ಮರ್ಯಾದೆಯಿಂದ ಬಿಚ್ಚಿಕೊಂಡಿದ್ದವು. ನಾಲ್ಕನೆಯದು ಮಾತ್ರ, ವರ್ಗದ ಆರ್ಡರು ಬಂದರೂ ಕುರ್ಚಿ ಬಿಡದ ಹೆಡ್ ಗುಮಾಸ್ತನ ಹಾಗೆ ಕೂತಲ್ಲೇ ಕೂತಿತ್ತು.

ಡ್ರೈವರಣ್ಣ ಜೀಪಿನೊಳಗೆ ಮೊಣಕಾಲೂರಿ, ಕತ್ತು ಓರೆ ಮಾಡಿ ಅದನ್ನು ನೋಡಿದ. ತುಕ್ಕಿನಲ್ಲಿ ಬೋಲ್ಟು ಯಾವುದು, ನೆಲದ ತಗಡು ಯಾವುದು ಎಂದು ಗುರುತೇ ಸಿಗುತ್ತಿರಲಿಲ್ಲ. ಬಹಳ ವರ್ಷ ಸಂಸಾರ ಮಾಡಿದ ಗಂಡಹೆಂಡಿರ ಹಾಗೆ ಎರಡೂ ಒಂದೇ ಬಣ್ಣಕ್ಕೆ ಬಂದಿದ್ದವು. ನಾಲ್ಕು ಹನಿ ಎಣ್ಣೆ ಬಿಟ್ಟು, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಹಿಂದಕ್ಕೆ ಸರಿದು ಕೂತ. ಎಣ್ಣೆ ಇಳಿಯಬೇಕು. ಅಲ್ಲಿಯವರೆಗೆ ಕಾಯಬೇಕು. ಕಾಯುವುದು ಅವನಿಗೆ ಹೊಸದಲ್ಲ. ಡ್ರೈವರ್ ಕೆಲಸದಲ್ಲಿ ಓಡಿಸುವುದು ಕಾಲು ಭಾಗ, ಕಾಯುವುದು ಮುಕ್ಕಾಲು.

ಸರ್ವೆ ಇಲಾಖೆಯ ಈ ಜೀಪನ್ನು ಅವನು ಮೂವತ್ತೊಂದು ವರ್ಷ ಓಡಿಸಿದ್ದ. ರಸ್ತೆಯೇ ಇಲ್ಲದ ಗುಡ್ಡಗಳಿಗೆ ಹತ್ತಿಸಿದ್ದ, ಸೇತುವೆಯಿಲ್ಲದ ಹಳ್ಳಗಳನ್ನು ದಾಟಿಸಿದ್ದ. ಮೂರು ತಿಂಗಳ ಹಿಂದೆ ಇಬ್ಬರಿಗೂ ಒಂದೇ ವಾರದಲ್ಲಿ ನಿವೃತ್ತಿಯಾಯಿತು. ಜೀಪನ್ನು ಹರಾಜು ಹಾಕಿದಾಗ ಡ್ರೈವರಣ್ಣನೇ ಕೊಂಡು ಮನೆಮುಂದೆ ತಂದು ನಿಲ್ಲಿಸಿದ. ಎಂಜಿನ್ನು ಸರಿಯಾಯಿತು, ಮೈಗೆ ಹೊಸ ಬಣ್ಣ ಬಂತು, ಹರಿದ ಹುಡ್ಡು ಹೊಲಿದದ್ದಾಯಿತು. ಉಳಿದದ್ದು ಒಳಗಿನ ಒಂದು ಸೀಟು. ಸ್ಟೇರಿಂಗಿನದಲ್ಲ, ಅದರ ಪಕ್ಕದ್ದು. ಸಾಹೇಬರ ಸೀಟು.

ಆ ಸೀಟಿನಲ್ಲಿ ಹನ್ನೊಂದು ಜನ ಸಾಹೇಬರು ಕೂತೆದ್ದು ಹೋಗಿದ್ದರು. ಡ್ರೈವರಣ್ಣ ಒಂದು ಸಲವೂ ಕೂತಿರಲಿಲ್ಲ. ಕಾಡಿನ ನಡುವೆ ದಿನವಿಡೀ ಒಬ್ಬನೇ ಕಾದಾಗಲೂ, ಅದನ್ನು ಒರೆಸುವಾಗಲೂ, ಒಂದು ಕಾಲನ್ನು ನೆಲದ ಮೇಲೇ ಇಟ್ಟುಕೊಂಡಿರುತ್ತಿದ್ದ. ಇವತ್ತು ಸಂಜೆ ಐದಕ್ಕೆ ಇಲಾಖೆಯಲ್ಲಿ ಅವನಿಗೆ ಸನ್ಮಾನವಿತ್ತು. ಅಚ್ಚಾಗಿ ಬಂದ ಕಾರ್ಡಿನಲ್ಲಿ ‘ಮೂವತ್ತೊಂದು ವರ್ಷ ಸೇವೆ ಸಲ್ಲಿಸಿದ ಹಿರಿಯರು’ ಎಂದಿತ್ತು. ಹೆಸರಿನ ಹಿಂದೆ ‘ಶ್ರೀ’ ಇತ್ತು, ಮುಂದೆ ‘ಡ್ರೈವರ್’ ಎಂದಿರಲಿಲ್ಲ. ಕಾರ್ಡು ಬಂದ ದಿನ ಡ್ರೈವರಣ್ಣ ಅದನ್ನು ನಾಲ್ಕು ಸಲ ಓದಿದ. ಆಮೇಲೆ ಊಟಕ್ಕೆ ಕೂತಾಗ ಹೆಂಡತಿಗೆ, ತಲೆ ಎತ್ತದೆ ಹೇಳಿದ:

“ಅವತ್ತು ಅಳಿಯಂದ್ರು ಗಾಡಿ ಓಡಿಸ್ಲಿ. ನಾನು ಪಕ್ಕದಲ್ಲಿ ಕೂತ್ಕೊಂಡು ಹೋಗಿ ಇಳೀತೀನಿ. ಒಂದೇ ಒಂದು ಸಲ.”

ಹೆಂಡತಿ ನಗಲಿಲ್ಲ. ಅವನಿಗೆ ಕೋಟು ಹೊಲಿಯಲು ಬೀದಿ ಕೊನೆಯ ಟೈಲರಿಗೆ ಹೇಳಿಬಂದಳು. ಸೀಟಿಗೂ ಹೊಸ ಕವರು ಹೊಲಿಯಲು ಅವನೇ ಒಪ್ಪಿಕೊಂಡ. ಷರತ್ತು ಒಂದೇ: ಸೀಟನ್ನು ಬಿಚ್ಚಿ ತನ್ನ ಮೇಜಿನ ಮೇಲಿಡಬೇಕು, ಗಾಡಿಯೊಳಗೆ ತೂರಿಕೊಂಡು ಹೊಲಿಯಲು ತಾನೇನು ಇಲಿಯಲ್ಲ.

ಹೀಗೆ ಇಡೀ ಸನ್ಮಾನ ಆ ನಾಲ್ಕನೆಯ ಬೋಲ್ಟಿನ ಮೇಲೆ ಬಂದು ನಿಂತಿತ್ತು. ಅದು ಯಾಕೆ ಅಷ್ಟು ಹಿಡಿದುಕೊಂಡಿದೆ ಎಂಬುದು ಡ್ರೈವರಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಸೀಟಿನ ಮುಂದಿನ ಒಳಮೂಲೆ ಅದು. ಮಳೆಗಾಲದಲ್ಲಿ ಯಾವ ಸಾಹೇಬರು ಹತ್ತಿದರೂ ಒದ್ದೆ ಕೊಡೆಯನ್ನು ಮಡಚಿ ಸರಿಯಾಗಿ ಅದೇ ಮೂಲೆಗೆ ಊರಿ ನಿಲ್ಲಿಸುತ್ತಿದ್ದರು. ಒಬ್ಬರಿಗೊಬ್ಬರು ಹೇಳಿಕೊಟ್ಟಿರಲಿಲ್ಲ, ಆದರೂ ಹನ್ನೊಂದು ಜನವೂ ಅಲ್ಲೇ. ಮೂವತ್ತೊಂದು ಮಳೆಗಾಲದ ಕೊಡೆನೀರು ಒಂದು ಬೋಲ್ಟಿನ ತಲೆಯ ಮೇಲೆ ಇಳಿದಿತ್ತು.

ಬೆಳಿಗ್ಗೆ ಏಳೂವರೆಗೆ ಪಕ್ಕದ ಮನೆಯ ಓವರ್‌ಸಿಯರು ಪೇಪರು ಮಡಚಿಕೊಂಡು ಗೇಟಿಗೆ ಬಂದರು. ನಿವೃತ್ತರಾಗಿ ಆರು ವರ್ಷವಾಗಿತ್ತು. ಸೇವೆಯಲ್ಲಿದ್ದಾಗ ಎಷ್ಟೋ ಕಟ್ಟಡ ಕಟ್ಟಿಸಿದ್ದರು, ಯಾವತ್ತೂ ಒಂದು ಸ್ಪ್ಯಾನರು ಹಿಡಿದಿರಲಿಲ್ಲ. ಹಿಡಿದವರ ಬೆನ್ನ ಹಿಂದೆ ಕೈಕಟ್ಟಿ ನಿಲ್ಲುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಕೊರತೆಯಾದದ್ದು ಅದೊಂದೇ, ಯಾರದಾದರೂ ಬೆನ್ನು.

“ಏನಯ್ಯಾ ಡ್ರೈವರ್, ಬೋಲ್ಟಿನ ಹತ್ರ ಕಷ್ಟಸುಖ ಮಾತಾಡ್ತಿದೀಯಾ?”

“ಎಣ್ಣೆ ಬಿಟ್ಟಿದೀನಿ ಸಾರ್. ಮಧ್ಯಾಹ್ನದ ಹೊತ್ತಿಗೆ ತಾನೇ ಸಡಿಲ ಆಗತ್ತೆ.”

“ತಾನೇ ಆಗೋದಾಗಿದ್ರೆ ನಾವೆಲ್ಲ ಯಾಕೆ ಬೇಕಿತ್ತು? ಸ್ಪ್ಯಾನರಿಗೆ ಒಂದು ಪೈಪು ತೂರಿಸು, ಉದ್ದ ಜಾಸ್ತಿ ಮಾಡು.”

ಪೈಪು ಹಾಕಿದರೆ ಬೋಲ್ಟಿನ ತಲೆ ಹೋಗುತ್ತದೆ ಎಂದು ಡ್ರೈವರಣ್ಣನಿಗೆ ಗೊತ್ತಿತ್ತು. ಗಂಟಲಿನವರೆಗೂ ಬಂತು. ಆದರೆ ಅವನ ಗಂಟಲಿಗೆ ಮೂವತ್ತೊಂದು ವರ್ಷದ ಅಭ್ಯಾಸವೊಂದಿತ್ತು. ಯಾರಾದರೂ ಗಟ್ಟಿ ದನಿಯಲ್ಲಿ ಏನಾದರೂ ಹೇಳಿದರೆ, ಒಳಗೆ ಏನೇ ಇರಲಿ, ಹೊರಗೆ ಬರುವುದು ಎರಡೇ ಮಾತು.

“ಆಯ್ತು ಸಾರ್.”

ಪೈಪು ಬಂತು. ಡ್ರೈವರಣ್ಣ ಹೆದರಿ ಹೆದರಿ ಎಳೆಯುವುದನ್ನು ನೋಡಲಾರದೆ ಓವರ್‌ಸಿಯರು ಜೀವನದಲ್ಲಿ ಮೊದಲ ಸಲ ತಾವೇ ಕೈಹಾಕಿದರು. ಸ್ಪ್ಯಾನರು ಜಾರಿತು. ಬೋಲ್ಟಿನ ಆರು ಮೂಲೆಗಳೂ ಸವೆದು ತಲೆ ಗುಂಡಗಾಯಿತು. ಓವರ್‌ಸಿಯರು ಜೀಪಿನ ಬಾಗಿಲಿನಿಂದ ಹಿಮ್ಮುಖವಾಗಿ ಹೊರಟು, ಅಂಗಳದಲ್ಲಿ, ಕುರ್ಚಿಯಿಲ್ಲದಿದ್ದರೂ ಕುರ್ಚಿಯಲ್ಲಿ ಕೂರುವ ಭಂಗಿಯಲ್ಲೇ ಕೂತರು. ಸೊಂಟ ಹಿಡಿದುಕೊಂಡಿತು. ಮನೆಗೆ ಹೋಗಿ ಮಲಗಿ ಎಂದರೆ ಕೇಳಲಿಲ್ಲ. ಒಳಗಿನಿಂದ ಒಂದು ಕುರ್ಚಿ ತರಿಸಿ, ಜೀಪಿನ ಎದುರು ಹಾಕಿಸಿಕೊಂಡು, ಕೋಲು ನುಂಗಿದವರ ಹಾಗೆ ನೆಟ್ಟಗೆ ಕೂತರು. ಕುರ್ಚಿ ಸಿಕ್ಕಿದ ಮೇಲೆ ಅವರ ದನಿ ಇನ್ನೂ ಗಟ್ಟಿಯಾಯಿತು.

ಹತ್ತು ಗಂಟೆಗೆ ಸೀಟು ಇನ್ನೂ ಯಾಕೆ ಬಂದಿಲ್ಲವೆಂದು ಕೇಳಲು ಟೈಲರ್ ಬಂದ. ವಿಷಯ ತಿಳಿದು ಅವನಿಗೆ ಹೊಳೆದದ್ದು ಅವನ ಕಸುಬಿನ ಉಪಾಯವೇ. ಎಂಥ ಮೊಂಡು ಬಟ್ಟೆಯೂ ಕಾವಿಗೆ ಬಗ್ಗುತ್ತದೆ, ಕಬ್ಬಿಣ ಬಗ್ಗುವುದಿಲ್ಲವೇ? ಓಡಿಹೋಗಿ ತನ್ನ ಇಸ್ತ್ರಿಪೆಟ್ಟಿಗೆಯನ್ನು ತಂದ. ಬಿಸಿ ಮಾಡುವುದು ಸರಿ, ಆದರೆ ಕೆಳಗಿನ ರಬ್ಬರ್ ಮ್ಯಾಟು ಪೂರ್ತಿ ಬಂದಿಲ್ಲ, ಇನ್ನೂ ಅಂಟಿಕೊಂಡಿದೆ ಎಂದು ಡ್ರೈವರಣ್ಣ ಹೇಳಹೊರಟ.

“ಇಡಯ್ಯಾ ಟೈಲರ್, ಅವನ ಮಾತು ಕೇಳ್ತಾ ಕೂತ್ರೆ ನಾಳೆ ಆಗತ್ತೆ,” ಎಂದರು ಕುರ್ಚಿಯಿಂದ ಓವರ್‌ಸಿಯರು.

ಟೈಲರ್ ಇಟ್ಟ. ಬೋಲ್ಟು ಬೆಚ್ಚಗಾಗಿ ಹಾಯಾಗಿತ್ತು. ಮ್ಯಾಟು ಮಾತ್ರ ಕರಗಿ ಹೊಗೆಯೆದ್ದು, ಇಸ್ತ್ರಿಪೆಟ್ಟಿಗೆಯ ಅಡಿಗೆ ಕಪ್ಪು ಬೆಲ್ಲದ ಪಾಕದ ಹಾಗೆ ಮೆತ್ತಿಕೊಂಡಿತು. ಹೊಗೆಯಲ್ಲಿ ಎಲ್ಲರೂ ಕೆಮ್ಮಿದರು. ಟೈಲರ್ ಚಾಕುವಿನಿಂದ ಅದನ್ನು ಕೆರೆಯುತ್ತಾ, ಉಪಕಾರ ಮಾಡಲು ಹೋದವನ ಗತಿಯೇ ಇದು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಕೊಳ್ಳುತ್ತಾ ಹೋದ. ಆ ಪೆಟ್ಟಿಗೆಯಿಂದ ಇಸ್ತ್ರಿಯಾಗಬೇಕಾದ ಮೊದಲ ಬಟ್ಟೆ ಯಾವುದು ಎಂದು ಆಗ ಯಾರೂ ಯೋಚಿಸಲಿಲ್ಲ.

ಹನ್ನೆರಡಕ್ಕೆ ಅಳಿಯ ಬಂದ. ಔಷಧಿ ಕಂಪನಿಯಲ್ಲಿ ಕೆಲಸ, ಬಿಳಿ ಅಂಗಿ, ಒಳ್ಳೆಯ ಮನಸ್ಸು. ಮಾವನ ಆಸೆ ಏನೆಂದು ಅವನಿಗೆ ಅತ್ತೆ ಹೇಳಿದ್ದಳು. ಅಂಗಿ ಕಳಚಿ ಬನಿಯನ್ನಿನಲ್ಲಿ ಜೀಪಿನಡಿಗೆ ಅಂಗಾತ ತೂರಿಕೊಂಡ. ಮೇಲೆ ಬೋಲ್ಟಿನ ತಲೆಗೆ ಪೈಪ್ ರೆಂಚು ಕಚ್ಚಿಸಿ ಡ್ರೈವರಣ್ಣ, ಕೆಳಗೆ ನಟ್ಟಿಗೆ ಸ್ಪ್ಯಾನರು ಕೊಟ್ಟು ಅಳಿಯ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ನಡುವೆ ಆಜ್ಞೆ ಕೊಡಲು ಒಬ್ಬರು ಬೇಕಾಯಿತು. ಅವರು ಕುರ್ಚಿಯಲ್ಲಿ ಸಿದ್ಧವಾಗಿದ್ದರು.

“ಇಬ್ರೂ ಗೇಟಿನ ಕಡೆಗೆ ಎಳೀರಿ. ಕೆಲಸದಲ್ಲಿ ಒಗ್ಗಟ್ಟು ಮುಖ್ಯ.”

ಇಬ್ಬರೂ ಗೇಟಿನ ಕಡೆಗೆ ಎಳೆದರು. ಬೋಲ್ಟು ತಿರುಗಿತು. ಓವರ್‌ಸಿಯರು ತೊಡೆ ತಟ್ಟಿ, ಸೊಂಟ ನೆನಪಾಗಿ ಮುಖ ಹಿಂಡಿದರು. ಮತ್ತೆ ಎಳೆದರು, ಮತ್ತೆ ತಿರುಗಿತು. ಮುಕ್ಕಾಲು ಗಂಟೆ ತಿರುಗಿತು. ತಿರುಗುತ್ತಲೇ ಇತ್ತು, ಮೇಲಕ್ಕೆ ಮಾತ್ರ ಒಂದು ಕೂದಲೆಳೆಯಷ್ಟೂ ಬರಲಿಲ್ಲ. ಮೇಲೆ ಬೋಲ್ಟು ಯಾವ ಕಡೆಗೋ ಕೆಳಗೆ ನಟ್ಟೂ ಅದೇ ಕಡೆಗೆ, ಜೊತೆಯಾಗಿ ಸಂತೋಷದಿಂದ ಸುತ್ತುತ್ತಿದ್ದವು. ಡ್ರೈವರಣ್ಣನಿಗೆ ಅದು ಮೊದಲ ಸುತ್ತಿನಲ್ಲೇ ತಿಳಿದಿತ್ತು. ಸಾರ್ ಹೇಳಿದ್ದಾರಲ್ಲ ಎಂದು ಸುಮ್ಮನಿದ್ದ.

ಕೊನೆಗೆ ಊಟಕ್ಕೆ ಕರೆಯಲು ಬಂದ ಹೆಂಡತಿ ಒಂದು ನಿಮಿಷ ಬಾಗಿಲಲ್ಲಿ ನಿಂತು ನೋಡಿದಳು.

“ಡಬ್ಬಿ ಮುಚ್ಚಳ ತೆಗೆಯೋವಾಗ ಡಬ್ಬೀನೂ ಜೊತೆಗೇ ತಿರುಗಿಸ್ತಾರೇನ್ರೀ ಯಾರಾದ್ರೂ?”

ಅಳಿಯ ಜೀಪಿನಡಿಯಿಂದ ತಲೆ ಹೊರಗೆ ಹಾಕಿ ಅತ್ತೆಯನ್ನು ನೋಡಿದ. ಆಮೇಲೆ ಓವರ್‌ಸಿಯರು, ತಾವೂ ಅದನ್ನೇ ಹೇಳಬೇಕೆಂದಿದ್ದಾಗಿ ಹೇಳಿ, ಅಳಿಯ ಈಗ ಮನೆಯ ಕಡೆಗೆ ಎಳೆಯಬೇಕು, ಜೋರಾಗಿ, ಒಂದೇ ಸಲಕ್ಕೆ ಎಂದು ಅಪ್ಪಣೆ ಮಾಡಿದರು. ಅಳಿಯ ಎಳೆದ. ಮುಕ್ಕಾಲು ಗಂಟೆ ಬೆವರಿದ ಕೈ. ಸ್ಪ್ಯಾನರು ಕಳಚಿ, ಕೈ ಹೋಗಿ ಚಾಸಿಯ ಕಬ್ಬಿಣಕ್ಕೆ ಬಡಿಯಿತು. ಜೀಪಿನಡಿಯಿಂದ ಬಂದ ಶಬ್ದವನ್ನು ಕೇಳಿ ಡ್ರೈವರಣ್ಣನಿಗೆ ಬೋಲ್ಟು ಮುರಿಯಿತೇನೋ ಅನ್ನಿಸಿ, ಒಂದು ಕ್ಷಣ ಸಂತೋಷವೇ ಆಯಿತು. ಆಮೇಲೆ ಅಳಿಯ ಹೊರಗೆ ಬಂದ. ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಅತ್ತೆ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಓವರ್‌ಸಿಯರು ಊಟಕ್ಕೂ ಮುಲಾಮಿಗೂ ಮನೆಗೆ ಹೋದರು.

ಬೆಳಗಿನಿಂದ ಮೊದಲ ಸಲ ಡ್ರೈವರಣ್ಣನಿಗೆ ಹೇಳುವವರು ಯಾರೂ ಇರಲಿಲ್ಲ.

ಅವನು ನಟ್ಟಿಗೆ ಸ್ಪ್ಯಾನರು ಕೊಟ್ಟು, ಅದರ ಹಿಡಿ ಚಾಸಿಗೆ ತಾಗಿ ತಾನಾಗಿಯೇ ನಿಲ್ಲುವಂತೆ ಸಿಕ್ಕಿಸಿದ. ಮೇಲೆ ಬಂದು ನಾಲ್ಕು ಹನಿ ಎಣ್ಣೆ ಬಿಟ್ಟ. ತಟ್ಟಿದ. ಕಾದ. ರೆಂಚಿನಿಂದ ಅಕ್ಕಿಕಾಳಿನಷ್ಟು ಬಿಚ್ಚುವ ಕಡೆಗೆ, ಅದರ ಅರ್ಧದಷ್ಟು ವಾಪಸ್ಸು. ಮತ್ತೆ ಎಣ್ಣೆ. ಮತ್ತೆ ತಟ್ಟಿದ. ಎಷ್ಟೋ ಹೊತ್ತಿನ ಮೇಲೆ ಕಿರ್ರೆಂದು ಒಂದು ಸಣ್ಣ ದನಿ ಬಂತು, ಸಾಹೇಬರು ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ. ಆಮೇಲೆ ಬೋಲ್ಟು ಒಂದೊಂದೇ ಸುತ್ತು ಮೇಲೆ ಬಂದು ಅವನ ಅಂಗೈಯಲ್ಲಿ ಮಲಗಿತು. ಬೆಚ್ಚಗಿತ್ತು. ನೋಡಲು ಯಾರೂ ಇರಲಿಲ್ಲ. ಅದಕ್ಕೇ ಬಂತೋ ಏನೋ.

ತಿರುಪಿನ ಎಳೆಯೆಲ್ಲ ಸವೆದುಹೋಗಿದ್ದರಿಂದ ಅದನ್ನು ಮತ್ತೆ ಹಾಕುವಂತಿರಲಿಲ್ಲ. ಅವನು ಅದನ್ನು ಒರೆಸಿ ಜೇಬಿಗೆ ಹಾಕಿಕೊಂಡ. ಸೀಟನ್ನು ತಲೆಯ ಮೇಲೆ ಹೊತ್ತು ಟೈಲರನ ಅಂಗಡಿಗೆ ಕೊಟ್ಟು ಬಂದ. ದಾರಿಯಲ್ಲಿ ಓವರ್‌ಸಿಯರು ಕಿಟಕಿಯಿಂದ ನೋಡಿ, ಬೆಳಿಗ್ಗೆ ತಾವು ಸಡಿಲ ಮಾಡಿಕೊಟ್ಟದ್ದು ಈಗ ಕೆಲಸಕ್ಕೆ ಬಂತಲ್ಲ ಎಂದರು.

“ಹೌದು ಸಾರ್.”

ನಾಲ್ಕು ಗಂಟೆಗೆ ಟೈಲರ್ ಹೊಸ ಕವರಿನ ಸೀಟನ್ನೂ ಕೋಟನ್ನೂ ಹೊತ್ತು ಬಂದ. ಸೀಟು ನೋಡಿದರೆ ಕೂರಲು ಭಯವಾಗುವಷ್ಟು ಚೆನ್ನಾಗಿತ್ತು. ಡ್ರೈವರಣ್ಣ ಅದನ್ನು ಕೂರಿಸಿ ಹಿಂದಿನ ಎರಡು ಬೋಲ್ಟು ಬಿಗಿಮಾಡುವಷ್ಟರಲ್ಲಿ ಹೆಂಡತಿ ಕೋಟಿನ ಮಡಿಕೆ ಬಿಚ್ಚಿ ಕೂಗಿದಳು. ಮುಂದೆ ಉಳಿದಿದ್ದ ಒಂದೇ ಬೋಲ್ಟನ್ನು ಟೈಲರಿಗೆ ಬಿಟ್ಟು ಅವನು ಓಡಿದ. ಟೈಲರ್ ಅದನ್ನು ಎರಡು ಬೆರಳಿನಲ್ಲಿ, ಅಂಗಿಗೆ ಗುಂಡಿ ಹಾಕುವಷ್ಟು ಬಿಗಿಯಾಗಿ ತಿರುಗಿಸಿ ಕೈಕೊಡವಿದ.

ಕೋಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಇಡೀ ಅಡಿ, ತುದಿ ಮೇಲಾಗಿ, ಕಪ್ಪು ರಬ್ಬರಿನಲ್ಲಿ ಅಚ್ಚಾಗಿತ್ತು. ಉಜ್ಜಿದರೆ ಹರಡಿತು. ಎದುರಿಗೆ ನಿಂತವರಿಗೆ ಬೆನ್ನು ಕಾಣುವುದಿಲ್ಲವಲ್ಲ ಎಂದ ಟೈಲರ್. ಹೆಂಡತಿ ಅವನ ಕಡೆ ಒಂದು ಸಲ ನೋಡಿದಳು, ಅವನು ಬೇರೆ ಕೆಲಸ ನೆನಪಾಗಿ ಹೊರಟುಹೋದ. ಮಿಕ್ಕ ಅಂಗಿಗಳಲ್ಲಿ ಒಗೆದು ಮಡಚಿಟ್ಟದ್ದು, ಕಾಲರು ಗಟ್ಟಿಯಿದ್ದದ್ದು ಒಂದೇ. ಹಳೆಯ ಖಾಕಿ.

“ಇವತ್ತೊಂದಿನ,” ಎಂದಳು, ಅವನ ಮುಖ ನೋಡದೆ.

ಅಳಿಯ ಬಂದ. ಕೈಗೆ ಮಣಿಕಟ್ಟಿನವರೆಗೆ ಬ್ಯಾಂಡೇಜು. ಸ್ಟೇರಿಂಗು ಮುಟ್ಟಿ ನೋಡಿದ, ಕಣ್ಣಲ್ಲಿ ನೀರು ಬಂತು. “ಕ್ಷಮಿಸಿ ಮಾವ,” ಎಂದ. ಓವರ್‌ಸಿಯರಿಗೆ ಗಾಡಿ ಬರುವುದಿಲ್ಲ, ಅವರಿಗೆ ಯಾವಾಗಲೂ ಡ್ರೈವರುಗಳಿದ್ದರು. ಗಂಟೆ ನಾಲ್ಕೂವರೆ. ಡ್ರೈವರಣ್ಣ ಹೋಗಿ ತನ್ನ ಜಾಗದಲ್ಲಿ ಕೂತು ಬೀಗದ ಕೈ ತಿರುಗಿಸಿದ. ಪಕ್ಕದ ಸೀಟಿನಲ್ಲಿ ಹೆಂಡತಿಯಾದರೂ ಕೂರಲಿ ಎಂದುಕೊಂಡ. ಅವಳಿಗೂ ಅದೇ ಮನಸ್ಸಿತ್ತೋ ಏನೋ, ಸೆರಗು ಸರಿಮಾಡಿಕೊಂಡು ಆ ಕಡೆಗೇ ಬಂದಳು.

ಅಷ್ಟರಲ್ಲಿ ಓವರ್‌ಸಿಯರು ಬೂದು ಬಣ್ಣದ ಸೂಟಿನಲ್ಲಿ, ಗಾಜಿನ ಪಾತ್ರೆ ಹೊತ್ತವರ ಹಾಗೆ ತಮ್ಮನ್ನು ತಾವೇ ಹೊತ್ತುಕೊಂಡು ಬಂದರು. ಇಂಥ ಸಭೆಗೆ ತಮ್ಮಂಥವರೊಬ್ಬರಿದ್ದರೆ ಶೋಭೆ. ಹಿಂದೆ ಹತ್ತೋಣವೆಂದರೆ ಸೊಂಟ ಬಗ್ಗುವುದಿಲ್ಲ.

“ನೀನು ಹಿಂದೆ ಕೂತ್ಕೋಮ್ಮಾ. ನನ್ನ ಸೊಂಟ ಯಾರ ಬೋಲ್ಟಿಗೋಸ್ಕರ ಹೋಗಿದ್ದು ಗೊತ್ತಲ್ಲ.”

ಹೆಂಡತಿ ಅಳಿಯನ ಜೊತೆ ಹಿಂದಕ್ಕೆ ಹತ್ತಿದಳು. ಡ್ರೈವರಣ್ಣ ಇಳಿದು ಸುತ್ತಿಬಂದು ಸಾಹೇಬರ ಸೀಟಿನ ಬಾಗಿಲು ತೆಗೆದ. ತೆಗೆದ ಮೇಲೆ, ಯಾಕೆ ತೆಗೆದೆ ಎಂದು ಯೋಚಿಸಿದ.

ದಾರಿಯುದ್ದಕ್ಕೂ ಓವರ್‌ಸಿಯರು ಬೆನ್ನು ಒರಗಿಸದೆ, ಮುಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದರು. ನೋಡಿದವರಿಗೆ ಸಾಹೇಬರೇ.

ಕಚೇರಿಯ ಹಳಬರೆಲ್ಲ ಒಳಗೆ ಸಭಾಂಗಣದಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಹಿಡಿಯುವುದರಲ್ಲಿದ್ದರು. ಮೆಟ್ಟಿಲ ಮೇಲೆ ನಿಂತಿದ್ದವರು ಇಬ್ಬರು: ಹೋದ ವಾರ ವರ್ಗವಾಗಿ ಬಂದ ಹೊಸ ಸಾಹೇಬರು, ಅವರ ಜೊತೆಯಲ್ಲೇ ಬಂದ ಹೊಸ ಅಟೆಂಡರು. ಸಾಹೇಬರ ಕೈಯಲ್ಲಿ ಹೂಗುಚ್ಛವಿತ್ತು. ಹಳೆಯ ಜೀಪು ಹೊಳೆಯುತ್ತಾ ಬಂದು ನಿಂತಿತು. ಖಾಕಿಯವನು ಇಳಿದು ಓಡಿಬಂದು ಬಾಗಿಲು ತೆಗೆದು, ಮೊಣಕೈ ಹಿಡಿದು, ಸೂಟಿನ ಹಿರಿಯರೊಬ್ಬರನ್ನು ಮೆಲ್ಲಗೆ ಇಳಿಸಿದ. ಹೊಸ ಸಾಹೇಬರು ಎರಡು ಮೆಟ್ಟಿಲು ಇಳಿದು ಬಂದರು.

“ಬನ್ನಿ ಸರ್, ಬನ್ನಿ. ಮೂವತ್ತೊಂದು ವರ್ಷ. ನಿಮ್ಮಂಥವರಿಂದಲೇ ಇಲಾಖೆ ನಿಂತಿರೋದು.”

ಓವರ್‌ಸಿಯರು ಬಾಯಿ ತೆರೆದರು. ನಿಜ ಹೇಳಲೆಂದೇ ತೆರೆದಿರಬಹುದು. ಆದರೆ ಹೂವು ಮೊದಲು ಬಂತು. ಆರು ವರ್ಷದಿಂದ ಯಾರೂ ಅವರನ್ನು ‘ಸರ್’ ಎಂದು ಎದುರುಗೊಂಡಿರಲಿಲ್ಲ. ಅವರು ಹೂವಿನ ವಾಸನೆ ನೋಡಿದರು, ಬಾಯಿ ಮುಚ್ಚಿಕೊಂಡಿತು. ಹೊಸ ಸಾಹೇಬರು ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತಾ, ಹಿಂತಿರುಗಿ ಖಾಕಿಯವನಿಗೆ ಹೇಳಿದರು:

“ಗಾಡಿ ಹಿಂದೆ ಶೆಡ್ಡಿಗೆ ಹಾಕಪ್ಪ.”

“ಆಯ್ತು ಸಾರ್.”

ಮಾತು ಮನಸ್ಸಿಗಿಂತ ಮೊದಲೇ ಹೊರಟುಹೋಗಿತ್ತು.

ಶೆಡ್ಡಿನಲ್ಲಿ ಹಿಂದಿನ ಬಾಗಿಲು ತೆಗೆದಾಗ ಹೆಂಡತಿಯ ಮುಖ ಕೆಂಪಾಗಿತ್ತು. ತಾನೇ ಒಳಗೆ ಹೋಗಿ ಎಲ್ಲರೆದುರಿಗೆ ಹೇಳುತ್ತೇನೆ ಎಂದಳು. ಅಳಿಯನೂ ಬ್ಯಾಂಡೇಜಿನ ಕೈ ಎತ್ತಿ ಅದೇ ಹೇಳಿದ. ಬೇಡ ಎನ್ನುತ್ತಾನೆಂದು ಇಬ್ಬರೂ ಕಾದರು. ಡ್ರೈವರಣ್ಣ ಜೇಬಿನಲ್ಲಿದ್ದ ಬೋಲ್ಟನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದ.

“ಹೋಗಿ ಹೇಳಿ,” ಎಂದ. “ಅವರೇ ಬಂದು ಕರೀಲಿ. ನಾನು ಇಲ್ಲೇ ಇರ್ತೀನಿ.”

ಹೆಂಡತಿ ಅವನ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು. ಅವಳು ಹೆಚ್ಚುಕಡಿಮೆ ಓಡಿದಳು.

ಅವರು ಮರೆಯಾದ ಮೇಲೆ ಡ್ರೈವರಣ್ಣ ಜೀಪನ್ನು ಸುತ್ತಿ ಆ ಕಡೆಗೆ ಹೋದ. ಸಾಹೇಬರು ಬಂದು ಕರೆಯುವಾಗ ತಾನು ಎಲ್ಲಿ ಕೂತಿರಬೇಕೆಂದು ಅವನಿಗೆ ಗೊತ್ತಿತ್ತು. ಬಾಗಿಲು ತೆಗೆದು ಹತ್ತಿದ. ಎರಡೂ ಕಾಲು ಒಳಗಿಟ್ಟ. ಕೂತ. ಇಲ್ಲಿಂದ ರಸ್ತೆ ಬೇರೆ ಥರ ಕಾಣುತ್ತದೆ ಎಂದು ಅವನು ಯಾವಾಗಲೂ ಅಂದುಕೊಂಡಿದ್ದ. ಕಂಡದ್ದು ಶೆಡ್ಡಿನ ಗೋಡೆ, ಆದರೂ ಬೇರೆ ಥರವೇ ಇತ್ತು.

ಒಳಗೆ ಮೈಕಿನ ದನಿ ನಿಂತಿತು. ಗುಸುಗುಸು ಎದ್ದಿತು. ಆಮೇಲೆ ಶೆಡ್ಡಿನ ಕಡೆಗೆ ಅವಸರದ ಹೆಜ್ಜೆಗಳ ಸದ್ದು ಬಂತು. ಬಂದೇ ಬಿಟ್ಟರು. ಡ್ರೈವರಣ್ಣ ಕಾಲರು ಸರಿಮಾಡಿಕೊಂಡ, ಕೈಗಳನ್ನು ತೊಡೆಯ ಮೇಲಿಟ್ಟ. ಹನ್ನೊಂದು ಜನ ಸಾಹೇಬರು ಕಾದಾಗ ಹೇಗೆ ಕೂರುತ್ತಿದ್ದರು ಎಂದು ನೆನಪು ಮಾಡಿಕೊಂಡು, ಹಾಗೆಯೇ, ನಿರಾಳವಾಗಿ ಹಿಂದಕ್ಕೆ ಒರಗಿದ.

ಮುಂದೆ ಇದ್ದದ್ದು ಟೈಲರ್ ಗುಂಡಿ ಹಾಕಿದ ಹಾಗೆ ಹಾಕಿದ ಒಂದೇ ಬೋಲ್ಟು. ಅದು ಟಪ್ಪೆಂದು ಕಿತ್ತುಬಂತು. ಸೀಟು ಹಿಂದಿನ ಬೋಲ್ಟುಗಳನ್ನೇ ಕೀಲು ಮಾಡಿಕೊಂಡು, ಮುಂಭಾಗವನ್ನು ಎತ್ತಿಕೊಂಡು ಹಿಂದಕ್ಕೆ ಮಗುಚಿತು. ಡ್ರೈವರಣ್ಣ ಹಿಂದಿನ ಬೆಂಚುಗಳ ನಡುವಿನ ಸಂದಿಯಲ್ಲಿ ತಲೆ ಕೆಳಗಾಗಿ, ಎದೆಯ ಮೇಲೆ ಹೊಸ ಕವರಿನ ಸೀಟನ್ನು ಹೊತ್ತುಕೊಂಡು ಬಿದ್ದಿದ್ದ. ಕಾಲುಗಳು ಹುಡ್ಡಿಗೆ ತಾಗಿದ್ದವು. ಹೆಜ್ಜೆಗಳು ಜೀಪಿನ ಹತ್ತಿರ ಬಂದವು. ಈ ಸ್ಥಿತಿಯಲ್ಲಿ ಸಾಹೇಬರ ಕಣ್ಣಿಗೆ ಬೀಳುವುದೇ? ಅವನು ಮೆಲ್ಲಗೆ ಕಾಲನ್ನೂ ಕೆಳಗೆಳೆದುಕೊಂಡ, ಉಸಿರು ಹಿಡಿದ.

ಕಿಟಕಿಯಿಂದ ಯಾರೋ ಇಣುಕಿದರು.

“ಯಾರೂ ಇಲ್ವಲ್ಲ ಸರ್,” ಎಂದಿತು ಅಟೆಂಡರನ ದನಿ.

“ಛೆ. ಬೇಜಾರು ಮಾಡ್ಕೊಂಡು ಹೊರಟೋಗಿದಾರೆ.” ಹೊಸ ಸಾಹೇಬರ ದನಿಯಲ್ಲಿ ನಿಜವಾದ ಸಂಕಟವಿತ್ತು. “ಒಳಗೆ ಕೂರಿಸಿರೋ ಅವರ ಮನೆಯವರನ್ನ ಗೇಟಿನ ಕಡೆ ಹುಡುಕೋಕೆ ಕಳಿಸು. ಏನ್ ಮಾಡೋದು, ಜನ ಕಾಯ್ತಿದಾರೆ. ಆ ಹಿರಿಯರು ಪಕ್ಕದ ಮನೆಯವರಂತಲ್ಲ, ನೆನಪಿನ ಕಾಣಿಕೆ ಅವರ ಕೈಲೇ ಕೊಟ್ಟು ಮುಗಿಸೋಣ.”

ಹೆಜ್ಜೆಗಳು ದೂರವಾದವು. ಡ್ರೈವರಣ್ಣ ಸೀಟನ್ನು ತಳ್ಳಿ ಎದ್ದು ಕೂರುವ ಹೊತ್ತಿಗೆ ಸಭಾಂಗಣದಿಂದ ಚಪ್ಪಾಳೆ ಕೇಳಿಸಿತು. ಒಳ್ಳೆಯ ಚಪ್ಪಾಳೆ, ಬಹಳ ಹೊತ್ತು ಇತ್ತು. ಅವನು ಮಗುಚಿದ ಸೀಟನ್ನು ನೆಟ್ಟಗೆ ನಿಲ್ಲಿಸಿದ, ಕವರಿನ ಮೇಲಿನ ಧೂಳನ್ನು ಕೈಯಿಂದ ಒರೆಸಿದ. ಕಿತ್ತುಬಂದ ಬೋಲ್ಟನ್ನು ಹುಡುಕಿ ತೆಗೆದು ಜೇಬಿನಲ್ಲಿದ್ದ ಇನ್ನೊಂದರ ಜೊತೆಗೆ ಹಾಕಿದ. ಸಭೆ ಮುಗಿದರೆ ಅವರನ್ನೆಲ್ಲ ಮನೆಗೆ ಬಿಡಬೇಕಿತ್ತು.

ಸುತ್ತಿಬಂದು ತನ್ನ ಸೀಟಿನಲ್ಲಿ ಕೂತ. ಅದು ಅಲ್ಲಾಡಲಿಲ್ಲ. ಅದರ ನಾಲ್ಕೂ ಬೋಲ್ಟು ಬಿಗಿಯಾಗಿದ್ದವು.